ಬೇಲಿಯ ಪರವಾಗಿ ಒಂದು ಬಾಯಿ

ನಮ್ಮೂರಿನ ಸಭಾಚಾವಡಿಯೊಳಗೆ ಒಂಟಿಯಾಗಿ ಹೋದವರಿಗೆ ಮಾತು ಹೊರಡುವುದಿಲ್ಲ. ತುಟಿ ಅಲ್ಲಾಡುತ್ತದೆ, ಕತ್ತಿನ ನರ ಉಬ್ಬುತ್ತದೆ, ದನಿ ಮಾತ್ರ ಬರುವುದಿಲ್ಲ. ಮಾತಾಡಬೇಕೆಂದರೆ ಮೈಮೇಲೆ ಇನ್ನೊಂದು ಜೀವ ಇರಬೇಕು. ಅಳಿಲೋ, ಗುಬ್ಬಿಯೋ, ಜೀರುಂಡೆಯೋ, ಯಾವುದಾದರೂ ಸರಿ. ಅದು ತಾನಾಗಿ ಬಂದಿರಬೇಕು. ಸಾಕಿದ್ದು, ಕಟ್ಟಿಹಾಕಿದ್ದು, ಪಕ್ಕದ ಮನೆಯಿಂದ ಎರವಲು ತಂದದ್ದು ನಡೆಯುವುದಿಲ್ಲ. ಒಮ್ಮೆ ಜವಳಿ ಅಂಗಡಿಯ ಯಜಮಾನರು ಪಂಜರದ ಗಿಳಿಯನ್ನು ಹಿಡಿದುಕೊಂಡು ಹೋಗಿದ್ದರು. ಗಿಳಿ ಒಂದೇ ಸಮನೆ ಮಾತಾಡಿತು, ಇವರು ಮೂಕರಾಗಿ ನಿಂತಿದ್ದು ಮನೆಗೆ ಬಂದರು. ಊರು ಅದನ್ನಿನ್ನೂ ಮರೆತಿಲ್ಲ, ಅವರ ಅಂಗಡಿಗೆ ಹೋದವರು ಈಗಲೂ ಗಿಳಿಹಸಿರು ಸೀರೆ ತೋರಿಸಿ ಎಂದು ಕೇಳುತ್ತಾರೆ.

ಎದ್ದು ನಿಂತವರು ಮೊದಲು ತಮ್ಮ ಜೊತೆ ಬಂದ ಜೀವ ಯಾವುದೆಂದು ಹೇಳಬೇಕು, ಅದರ ಪರವಾಗಿ ಒಂದು ಮಾತಾಡಬೇಕು, ಆಮೇಲೆ ತಮ್ಮ ಮಾತು. ಬಾವಲಿಯ ಜೊತೆ ಬಂದು ಬೀದಿದೀಪ ಬೇಕೆನ್ನುವವರು ಮೊದಲು ಅದರ ಆಲದಮರದ ವಿಚಾರ ಎತ್ತಬೇಕು. ಹೀಗಾಗಿ ಮನೆ ಕಟ್ಟಿಸುವವರು ಗೋಡೆಯಲ್ಲಿ ಗುಬ್ಬಿಗೊಂದು ಗೂಡು ಬಿಡುತ್ತಾರೆ, ಕಪ್ಪೆ ಬರಲಿ ಎಂದು ಹಿತ್ತಲ ತೊಟ್ಟಿಗೆ ಮುಚ್ಚಳ ಹಾಕುವುದಿಲ್ಲ. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮುಂಚೆ ತಲೆಯೆತ್ತಿ ಮನೆಯ ಜಂತೆ ನೋಡುತ್ತಾರೆ. ಕಡಲೆಕಾಯಿ ಹಾಕಿ ನಮ್ಮ ಅಳಿಲನ್ನು ಒಲಿಸಿಕೊಂಡರು ಎಂದು ಮಾತು ಬಿಟ್ಟಿರುವ ಮನೆಗಳೂ ಇವೆ.

ಒಂದು ಒಲೆಗೆ ಒಂದೇ ಬಾಯಿ. ಮನೆಯಲ್ಲಿ ಒಲೆ ಹಚ್ಚುವವರು ಯಾರೋ ಅವರೇ ಚಾವಡಿಗೆ ಹೋಗಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅತ್ತೆಯದಾಗಿತ್ತು, ಅವರ ಸೆರಗಿನಲ್ಲಿ ಯಾವಾಗಲೂ ಒಂದು ಹಲ್ಲಿ ಇರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಒಲೆ ನನ್ನದಾಯಿತು, ಚಾವಡಿಯ ಬಾಯಿಯೂ ನನ್ನದಾಯಿತು, ಹಲ್ಲಿ ಮಾತ್ರ ನನ್ನದಾಗಲಿಲ್ಲ. ಕಾರಣ ಇಷ್ಟೇ. ನಾನು ಕಾತ್ಯಾಯಿನಿ, ಫಿನಾಯಿಲು ಮಾಡಿ ಮಾರುವವಳು. ನನ್ನ ಮನೆಯ ನೆಲದ ಮೇಲೆ ಅನ್ನ ಬಡಿಸಿಕೊಂಡು ಊಟ ಮಾಡಬಹುದು. ಮೂಲೆಯಲ್ಲಿ ಬಲೆ ಇಲ್ಲ, ಸಂದಿಯಲ್ಲಿ ಜಿರಳೆ ಇಲ್ಲ, ಸಕ್ಕರೆ ಡಬ್ಬದ ಮುಚ್ಚಳ ತೆಗೆದಿಟ್ಟರೂ ಇರುವೆ ಬರುವುದಿಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೆ ಅಂದುಕೊಳ್ಳಿ, ಜಂಬಕ್ಕೇ ಹೇಳುತ್ತಿದ್ದೇನೆ. ಚಾವಡಿಗೆ ಹೋಗಲಾಗದ್ದಕ್ಕೆ ನನಗೆ ಬೇಸರವೇನೂ ಇರಲಿಲ್ಲ. ಅಲ್ಲಿ ಹೋಗಿ ಆಡುವಂಥ ಮಾತು ನನಗೇನಿತ್ತು? ನನ್ನ ಮಾತು ಕೇಳುವುದಕ್ಕೆ ಮನೆಯಲ್ಲಿ ಗಂಡ ಮಹಾಬಲ ಇದ್ದರು, ಬೇರೆ ದಾರಿಯಿಲ್ಲದೆ ಕೇಳುತ್ತಿದ್ದರು.

ಬೇಲಿಯ ವಿಚಾರ ಬರುವವರೆಗೆ ಹೀಗೇ ನಡೆಯುತ್ತಿತ್ತು. ನಮ್ಮ ಓಣಿಯ ಒಂದು ಕಡೆ ಜಗಲಿಗಳಿರುವ ಮನೆಗಳ ಸಾಲು, ಇನ್ನೊಂದು ಕಡೆ ಪೇಟೆಯವರೆಗೂ ಉದ್ದಕ್ಕೆ ಬೇಲಿ. ಯಾರು ಹಾಕಿದ್ದೋ ಗೊತ್ತಿಲ್ಲ. ಮದರಂಗಿ, ಆಡುಸೋಗೆ, ಲಕ್ಕಿ, ತಂಗಟೆ, ನಡುನಡುವೆ ಹೆಸರಿಲ್ಲದ ಬಳ್ಳಿಗಳು. ನನ್ನ ಗಂಡನ ಅಕ್ಕ ನೀಲಕ್ಕ ನಮ್ಮ ಜೊತೆಯಲ್ಲೇ ಇದ್ದಾರೆ. ಹುಟ್ಟಿದಾಗಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಪೇಟೆಯ ತುದಿಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ಅವರದು ಶ್ರುತಿ ಸರಿಮಾಡುವ ಕೆಲಸ. ಬೆಳಿಗ್ಗೆ ಎಡಗೈಯನ್ನು ಬೇಲಿಯ ಮೇಲೆ ಆಡಿಸುತ್ತ ಒಬ್ಬರೇ ಹೊರಡುತ್ತಾರೆ. ಮದರಂಗಿಯ ಸಣ್ಣೆಲೆ ಮುಗಿದರೆ ನೀರು ನಿಂತುಹೋದ ಬೀದಿ ನಲ್ಲಿ ಬಂತು. ಲಕ್ಕಿಯ ವಾಸನೆ ಹೊಡೆದರೆ ಕಾಲ ಕೆಳಗೆ ಕಲ್ಲು ಎದ್ದಿದೆ, ನಿಧಾನ. ಜೇನ್ನೊಣದ ಸದ್ದು ಕೇಳಿದರೆ ತಂಗಟೆ ಹೂಬಿಟ್ಟಿದೆ, ಅಂಗಡಿ ಇನ್ನೇನು ಬಂತು. ಕೈ ಹಿಡಿದು ಕರೆದೊಯ್ಯಲು ಬಂದವರನ್ನು ಅವರು ಗದರಿಸಿ ಕಳಿಸುತ್ತಾರೆ. "ಯಾರಾದ್ರೂ ಕೈ ಹಿಡ್ಕೊಂಡ್ರೆ ಎಲ್ಲಿದ್ದೀನಿ ಅಂತ್ಲೇ ಗೊತ್ತಾಗಲ್ಲ ಕಣೇ, ಮೂಟೆ ಸಾಗಿಸ್ದಂಗೆ ಸಾಗಿಸ್ತಾರೆ" ಎನ್ನುತ್ತಾರೆ.

ನಮ್ಮ ಓಣಿಯವರೇ ಆದ ತಿರುಮಲಯ್ಯನವರು ನೀರಿನ ಟ್ಯಾಂಕರ್ ಇಟ್ಟವರು. ಟ್ಯಾಂಕರ್ ಓಣಿಯೊಳಗೆ ತಿರುಗುವುದಿಲ್ಲ, ಹೆಂಗಸರು ಪೇಟೆಯಿಂದ ಕೊಡ ಹೊತ್ತು ಸಾಯುತ್ತಾರೆ, ಬೇಲಿ ತೆಗೆದರೆ ಬಾಗಿಲಿಗೇ ನೀರು ಎಂದು ಅವರು ಮನೆಮನೆಗೆ ಬಂದು ಹೇಳಿ ಹೋದರು. ಅಮಾವಾಸ್ಯೆಯ ಸಭೆಯಲ್ಲಿ ತೀರ್ಮಾನ ಎಂದರು. ನೀರು ಬೇಡವೆನ್ನಲು ನಾನ್ಯಾರು? ನಾನೂ ಕೊಡ ಹೊರುವವಳೇ. ಆ ಹೊತ್ತಿಗೆ ನನಗೆ ಬೇಲಿ ಹೋದರೆ ಕಸ ಗುಡಿಸುವುದು ತಪ್ಪಿತು ಎನ್ನಿಸಿದ್ದೂ ನಿಜ.

ಮಾರನೆಯ ದಿನ ಬೆಳಿಗ್ಗೆ ಹೊರಗಡೆ ಸೈಕಲ್ಲು ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಓಣಿಯ ನಡುಮಧ್ಯೆ ನೀಲಕ್ಕ ಕುಕ್ಕರಿಸಿದ್ದರು, ಕೈಯಲ್ಲಿ ಒಲೆಯ ಪಕ್ಕದ ಸೌದೆಕೋಲು, ಮೊಣಕಾಲ ಕೆಳಗೆ ರಕ್ತ. ಹಾಲಿನವನು ಸೈಕಲ್ಲು ಎತ್ತಿಕೊಳ್ಳುತ್ತ ತಪ್ಪಾಯ್ತಮ್ಮಾ, ತಪ್ಪಾಯ್ತಮ್ಮಾ ಎನ್ನುತ್ತಿದ್ದ.

"ಬೇಲಿ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ ಅಕ್ಕ?" ಎಂದೆ.

"ಬೇಲಿ ಇರಲ್ವಂತಲ್ಲ. ಅಭ್ಯಾಸ ಮಾಡ್ಕೋತಿದ್ದೆ" ಎಂದರು, ನಗುವುದಕ್ಕೆ ನೋಡಿದರು, ಆಗಲಿಲ್ಲ.

ಆ ದಿನ ಅವರು ಅಂಗಡಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಒಳಮನೆಯಲ್ಲಿ ಗೋಡೆಗೆ ಒರಗಿ ಕುಳಿತು, ಊಟಕ್ಕೆ ಕರೆದರೆ ಬರುತ್ತಿದ್ದರು, ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದರು. ಎದುರು ಮಾತಾಡುವ ನೀಲಕ್ಕ, ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ದಿನಾ ಹೇಳುವ ನೀಲಕ್ಕ, ಏನು ಹಾಕಿದರೂ ಸುಮ್ಮನೆ ತಿನ್ನತೊಡಗಿದರು. ನಾನು ಫಿನಾಯಿಲಿನ ಪೀಪಾಯಿಯ ಮೇಲೆ ಬಗ್ಗಿ ಅತ್ತುಬಿಟ್ಟೆ, ವಾಸನೆಗೆ ಕಣ್ಣುರಿ ಎಂದು ಗಂಡನಿಗೆ ಹೇಳಿದೆ. ಈ ಸಲ ಚಾವಡಿಯಲ್ಲಿ ನಾನು ಮಾತಾಡಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಮಾತಾಡಬೇಕು ಸರಿ, ಜೊತೆಗೆ ಬರುವವರು ಯಾರು? ನೆಲಕ್ಕೆ ಬರೀ ನೀರು ಹಾಕಿ ಒರೆಸಿದೆ. ಹೊಸಿಲ ಮೇಲೆ ಸಕ್ಕರೆ ಉದುರಿಸಿದೆ, ಇರುವೆಸಾಲು ಹೊಸಿಲವರೆಗೆ ಬಂತು, ಮೂಸಿತು, ತಿರುಗಿ ಹೋಯಿತು. ಪಕ್ಕದ ಮನೆಯ ಬೆಕ್ಕಿಗೆ ಹಾಲಿಟ್ಟೆ, ಅದು ಹಾಲು ಕುಡಿದು ಪಕ್ಕದ ಮನೆಗೇ ಹೋಯಿತು. ಕೊನೆಗೆ ಕೆರೆಬೀದಿಯ ಧನಂಜಯ ಮೇಷ್ಟರ ಹತ್ತಿರ ಹೋದೆ. ಅವರು ಶಾಲೆಯಲ್ಲಿ ಜೀವಶಾಸ್ತ್ರ ಹೇಳುವವರು, ಚಾವಡಿಯಲ್ಲಿ ಜೀವಗಳ ಗುರುತು ನೋಡುವವರೂ ಅವರೇ. ಅವರ ಕಿವಿಯ ಹತ್ತಿರ ಹೂವಿನ ಜೇನು ಹೀರುವ ಒಂದು ಪುಟ್ಟ ಸೂರಕ್ಕಿ ಸದಾ ಪಟಪಟ ಎನ್ನುತ್ತಿರುತ್ತದೆ.

"ಅವಸರ ಮಾಡಿದ್ರೆ ಯಾವ ಜೀವಾನೂ ಬರಲ್ಲ ಕಾತ್ಯಾಯಿನಮ್ಮ. ನಿಮ್ಮನೆ ವಾಸನೆ ಹೋಗೋಕೇ ಒಂದು ಮಳೆಗಾಲ ಬೇಕು" ಎಂದರು.

"ಹಂಗಾದ್ರೆ ನೀವೇ ಮಾತಾಡಿ ಮೇಷ್ಟ್ರೇ. ನಿಮ್ಮ ಸೂರಕ್ಕಿ ಆ ಬೇಲಿದೇ ಅಲ್ವಾ?"

"ಬೇಲಿಯೊಳಗೆ ಯಾರ್ಯಾರಿದ್ದಾರೆ ಅಂತ ಕೇಳಿದ್ರೆ ಹೇಳ್ತೀನಿ, ಸಂಜೆವರೆಗೂ ಹೇಳ್ತೀನಿ. ಉಳಿಸಿ ಅನ್ನೋಕೆ ನಂಗೆ ಹಕ್ಕಿಲ್ಲ. ಓಣಿ ವಿಷಯಕ್ಕೆ ಓಣಿದೇ ಬಾಯಿ ಬೇಕು. ಅದು ನಿಮಗೂ ಗೊತ್ತು." ಅವರ ಮುಖವೂ ಸಪ್ಪಗಾಗಿತ್ತು. ಬಾಗಿಲವರೆಗೂ ಬಂದು, "ಏನಾದ್ರೂ ಬಂದ್ರೆ ಬಿಡಬೇಡಿ, ಎಷ್ಟು ಸಣ್ಣದಾದ್ರೂ ಸರಿ" ಎಂದರು.

ಸಭೆಯ ದಿನ ಸೀರೆಯುಟ್ಟು ಹೊರಟೆ. ನೀಲಕ್ಕ ಜಗಲಿಯ ಮೇಲೆ ಕುಳಿತಿದ್ದರು. ಬೇಲಿಯ ಪಕ್ಕ ಹಾಯುವಾಗ ಒಂದು ಹಸಿರು ಮಿಡತೆ ಹಾರಿ ನನ್ನ ಮುಂಗೈ ಮೇಲೆ ಕೂತಿತು. ನನಗೆ ಜೀವ ಬಂದಂತಾಯಿತು. ಕೈಯನ್ನು ಹಾಗೇ ಚಾಚಿಕೊಂಡು, ಉಸಿರು ಕೂಡ ಜೋರಾಗಿ ಬಿಡದೆ, ಪೇಟೆಯ ನಡುವೆ ನಡೆದೆ. ಎದುರು ಬಂದವರು ದಾರಿ ಬಿಟ್ಟರು, ಇಂಥದ್ದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಚಾವಡಿಯ ಕೊನೆಯ ಮೆಟ್ಟಿಲಲ್ಲಿ ಮಿಡತೆ ಕಾಲು ಕೊಡವಿ ಹಾರಿ, ಬಾಗಿಲಲ್ಲಿದ್ದ ಪೊಲೀಸಪ್ಪನ ಟೋಪಿಯ ಮೇಲೆ ಕೂತು, ಅಲ್ಲಿಂದಲೂ ಹಾರಿಹೋಯಿತು. ತಿರುಗಿ ಮನೆಗೆ ಹೋಗೋಣವೆಂದರೆ ಜಗಲಿಯಲ್ಲಿ ನೀಲಕ್ಕ ಕುಳಿತಿದ್ದಾರೆ. ಒಳಗೇ ಹೋದೆ, ಹಿಂದಿನ ಚಾಪೆಯಲ್ಲಿ ಕುಳಿತೆ. ಜೀವ ಜೊತೆಗಿಲ್ಲದೆ ಬರೀ ಕೇಳಲು ಬಂದವರ ಚಾಪೆ ಅದು. ನಮ್ಮ ಓಣಿಯ ಬಹಳಷ್ಟು ಜನ ಅಲ್ಲೇ ಇದ್ದರು.

ಮುಂದುಗಡೆ ಸಭೆ ನಡೆಸುವ ರುದ್ರಾಣಮ್ಮನವರು ಕುಳಿತಿದ್ದರು, ಅವರ ಭುಜದ ಮೇಲೆ ಅವರ ಗೊರವಂಕ. ತಿರುಮಲಯ್ಯ ಎದ್ದು ನಿಂತರು. ಅವರ ಅಳಿಲು ಅಂಗಿ ಜೇಬಿನಿಂದ ತಲೆ ಹಾಕಿತು.

"ನನ್ ಜೊತೆ ಬಂದಿರೋದು ಅಳಿಲು. ಅದರ ಮಾತು, ಪೇಟೆಯ ಹುಣಸೆಮರದ ಕೊಂಬೆ ಕಡೀಬಾರ್ದು. ಇನ್ನು ನನ್ ಮಾತು" ಎಂದು ಬೇಲಿಯ ವಿಚಾರ ತೆಗೆದರು. ಕೆಟ್ಟ ಮನುಷ್ಯರಲ್ಲ. "ನೀಲಕ್ಕೋರಿಗೆ ತೊಂದ್ರೆ ಆಗುತ್ತೆ ಅಂತ ನಂಗೂ ಗೊತ್ತು. ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿಸ್ಕೊಡೋಣ, ಹಿಡ್ಕೊಂಡು ಓಡಾಡ್ಲಿ" ಎಂದೂ ಸೇರಿಸಿದರು. ಎಲ್ಲರೂ ತಲೆಯಾಡಿಸಿದರು. ಕಂಬಿಯ ಮಾತು ಅಷ್ಟು ನ್ಯಾಯವಾಗಿ ಕೇಳಿಸಿತು.

"ಓಣಿಯವರು ಬೇರೆ ಯಾರಾದ್ರೂ?" ಎಂದು ರುದ್ರಾಣಮ್ಮ ಕೇಳಿದರು. ಯಾರೂ ಏಳಲಿಲ್ಲ. ಅವರು ತೀರ್ಮಾನ ಹೇಳಲು ಗಂಟಲು ಸರಿಮಾಡಿಕೊಂಡರು. ನಾನು ಎದ್ದು ನಿಂತೆ. ದನಿ ಬರುವುದಿಲ್ಲವೆಂದು ಗೊತ್ತಿದ್ದೇ ಬಾಯಿ ತೆರೆದೆ, ಸುಮ್ಮನೆ ಕುಳಿತಿದ್ದಳು ಎಂದು ನೀಲಕ್ಕನಿಗೆ ಯಾರೂ ಹೇಳಬಾರದು ಎಂದು.

"ಬೇಡ!"

ಚಾವಡಿಯೆಲ್ಲ ಗುಂಯ್ ಎಂದಿತು. ಗೊರವಂಕ ಬೆದರಿ ತೊಲೆಯ ಮೇಲೆ ಹಾರಿ ಕೂತಿತು. ಎಲ್ಲರಿಗಿಂತ ಹೆಚ್ಚು ಬೆದರಿದವಳು ನಾನು.

"ಬಂದಿರೋ ಜೀವ ಯಾವುದು, ಹೇಳಮ್ಮ" ಎಂದರು ರುದ್ರಾಣಮ್ಮ.

ನನಗೇ ಗೊತ್ತಿರಲಿಲ್ಲ. ಸೆರಗು ಕೊಡವಿದೆ, ಬಳೆಗಳ ನಡುವೆ ನೋಡಿದೆ. ಧನಂಜಯ ಮೇಷ್ಟರು ಮಸೂರ ಹಿಡಿದು ಓಡಿಬಂದು ಭುಜ, ಬೆನ್ನು, ನೆರಿಗೆ ಎಲ್ಲ ನೋಡಿದರು. ಏನೂ ಇಲ್ಲ. ಅಷ್ಟರಲ್ಲಿ ಕಿವಿಯ ಹಿಂದೆ ತುರಿಸಿತು. ಕೈ ತಾನಾಗಿ ಮೇಲೆ ಹೋಗಿ ಅರ್ಧದಲ್ಲೇ ನಿಂತಿತು, ಯಾಕೆಂದರೆ ಆಗಲೇ ನನಗೆ ಗೊತ್ತಾಗಿಹೋಗಿತ್ತು. ಕೆಲವು ದಿನಗಳಿಂದ ತುರಿಸುತ್ತಿತ್ತು, ಹೊಸ ಸೀಗೆಪುಡಿ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದಿದ್ದೆ.

ಫಿನಾಯಿಲು ಮಾರುವ ಕಾತ್ಯಾಯಿನಿಯ ತಲೆಯಲ್ಲಿ! ನಾಳೆ ನನ್ನ ಹತ್ತಿರ ಒಂದು ಶೀಸೆ ಕೊಳ್ಳುವವರಿರುವುದಿಲ್ಲ. ಜೇಡ ಎಂದುಬಿಡೋಣವೇ ಎಂದೂ ಬಂತು, ಆದರೆ ಚಾವಡಿಯಲ್ಲಿ ಸುಳ್ಳು ಹೆಸರು ಹೇಳಿದವರ ದನಿ ಅಲ್ಲೇ ಹೋಗುತ್ತದೆ. ಕೂತುಬಿಡಬಹುದಿತ್ತು. ಬೇಲಿ ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು.

"ಹೆಸರು ಹೇಳ್ದೆ ಮುಂದಿನ ಮಾತಿಲ್ಲ" ಎಂದು ರುದ್ರಾಣಮ್ಮ ಎಚ್ಚರಿಸಿದರು.

ಕಣ್ಣು ಮುಚ್ಚಿಕೊಂಡು ಹೇಳಿದೆ. "ಹೇನು."

ಆಹಾ, ಆ ನಗು! ತಿರುಮಲಯ್ಯ ಹೊಟ್ಟೆ ಹಿಡಿದುಕೊಂಡರು. ನನ್ನ ಪಕ್ಕದ ಹೆಂಗಸು ಚಾಪೆಯ ತುದಿಗೆ ಸರಿದಳು. ಪೊಲೀಸಪ್ಪ ಹೊರಗೆ ಹೋಗಿ ನಕ್ಕು ಬಂದ. ನಗದೆ ಇದ್ದವರು ಮೇಷ್ಟರೊಬ್ಬರೇ. ಅವರು ಬಹಳ ಗಂಭೀರವಾಗಿ ನನ್ನ ಕಿವಿಯ ಹಿಂದೆ ಮಸೂರ ಹಿಡಿದು, "ಹೌದು, ಹೇನೇ. ಒಳ್ಳೇ ಆರೋಗ್ಯವಾಗಿದೆ" ಎಂದರು. ಆಮೇಲೆ ಸಭೆಯ ಕಡೆ ತಿರುಗಿ, "ನಾನು ಈ ಕೆಲಸಕ್ಕೆ ಬಂದಾಗಿಂದ ಒಬ್ರೂ ಹೇನಿನ ಹೆಸರು ಹೇಳಿಲ್ಲ. ಊರಲ್ಲಿ ಹೇನಿಲ್ವಾ? ನಗೋರೆಲ್ಲ ಒಂದ್ಸಲ ತಲೆ ತೋರಿಸಿ ನೋಡೋಣ" ಎಂದರು. ನಗು ಸ್ವಲ್ಪ ತಗ್ಗಿತು.

ರುದ್ರಾಣಮ್ಮ ಕಣ್ಣೊರೆಸಿಕೊಂಡು, "ಪದ್ಧತಿ ಪದ್ಧತೀನೇ. ಮೊದಲು ಹೇನಿನ ಮಾತು ಹೇಳಮ್ಮ" ಎಂದರು.

ಹೇನಿಗೋಸ್ಕರ ಊರನ್ನು ಏನು ಕೇಳುವುದು? ಅದು ನನ್ನ ತಲೆಗೆ ಎಲ್ಲಿಂದ ಬಂತು ಎಂದು ಯೋಚಿಸಿದೆ. ಹಾರ್ಮೋನಿಯಂ ಅಂಗಡಿಯಲ್ಲಿ ಪಾಠಕ್ಕೆ ಬರುವ ಮಕ್ಕಳು ನೀಲಕ್ಕನ ಮೇಲೆ ಬಿದ್ದು ಕಲಿಯುತ್ತವೆ. ನಾನು ದಿನಾ ನೀಲಕ್ಕನಿಗೆ ತಲೆ ಬಾಚಿ ಜಡೆ ಹೆಣೆಯುತ್ತೇನೆ, ಹೆಣೆಯುತ್ತ ಊರ ಸುದ್ದಿ ಪಿಸುಗುಟ್ಟುತ್ತೇವೆ, ಕೂದಲ ಕಡೆ ಗಮನವೇ ಇರುವುದಿಲ್ಲ. ಅಷ್ಟೇ ದಾರಿ.

"ಹೇನಿಗೆ ಹಾರೋಕೆ ಬರಲ್ಲ, ಜಿಗಿಯೋಕೆ ಬರಲ್ಲ" ಎಂದೆ. "ಒಬ್ಬರ ತಲೆಗೆ ಒಬ್ಬರು ತಲೆ ತಾಗಿಸಿ ಕೂತ್ರೆ ಮಾತ್ರ ಅದರ ಬದುಕು. ಹಂಗೆ ಕೂರೋರು ಈ ಊರಲ್ಲಿ ಯಾವಾಗ್ಲೂ ಇರ್ಲಿ. ಹೇನಿನ ಪರವಾಗಿ ನಾನು ಕೇಳೋದು ಇಷ್ಟೇ."

ಈಗ ಯಾರೂ ನಗಲಿಲ್ಲ. ನನ್ನ ದನಿ ನಡುಗುತ್ತಿತ್ತು, ಆದರೂ ಬರುತ್ತಿತ್ತು. "ಇನ್ನು ನನ್ನ ಮಾತು. ಕಂಬಿ ಎಲ್ಲಿ ಮುಟ್ಟಿದ್ರೂ ಕಂಬಿನೇ. ನೀನು ನಲ್ಲಿ ಹತ್ರ ಇದ್ದೀಯ, ಅಂಗಡಿ ಹತ್ರ ಇದ್ದೀಯ ಅಂತ ಅದು ಹೇಳಲ್ಲ. ಎಲೆ ಹೇಳುತ್ತೆ, ಹೂವು ಹೇಳುತ್ತೆ, ಅದರೊಳಗಿರೋ ಹುಳಹುಪ್ಪಟೆ ಹೇಳುತ್ತೆ. ಬೇಲಿ ಹೋದ್ರೆ ನಮ್ಮ ನೀಲಕ್ಕ ಮನೆಯಿಂದ ಆಚೆ ಬರಲ್ಲ. ಈಗ್ಲೇ ಬರ್ತಿಲ್ಲ." ತಿರುಮಲಯ್ಯನವರ ಕಡೆ ತಿರುಗಿದೆ. "ಟ್ಯಾಂಕರೂ ಬರ್ಬೇಕು, ಬರ್ಲಿ. ಜಾಗ ಬೇಕಿದ್ರೆ ಈ ಕಡೆ ಜಗಲಿಗಳಿವೆ. ಮೊದಲು ನನ್ನದು ಒಡೀರಿ."

ನನ್ನ ಜಗಲಿ ನೋಡಿದವರಿಗೆ ಈ ಮಾತಿನ ಭಾರ ಗೊತ್ತು. ಕೆಂಪು ಗಾರೆಯ ಜಗಲಿ, ಮುಖ ಕಾಣುವಂತೆ ಉಜ್ಜಿಟ್ಟಿದ್ದೆ. ಓಣಿಯವರು ಮುಖ ಮುಖ ನೋಡಿಕೊಂಡರು. ಒಂದು ಜಗಲಿ ಒಡೆದರೆ ಟ್ಯಾಂಕರ್ ತಿರುಗುವುದಿಲ್ಲ, ಎಲ್ಲರದೂ ಬೇಕು.

ಹಿಂದಿನ ಚಾಪೆಯಿಂದ ಬಸ್ ಕಂಡಕ್ಟರಾಗಿದ್ದ ಪಂಚಾಕ್ಷರಪ್ಪ ಎದ್ದರು. ಅವರು ಚಾವಡಿಯಲ್ಲಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಬೆನ್ನು ತುರಿಸಿಕೊಳ್ಳುತ್ತ, ಕೆಮ್ಮಿ, "ತಿಗಣೆ" ಎಂದರು. ದನಿ ಗಟ್ಟಿಯಾಗಿ ಬಂತು. ಅವರಿಗೇ ನಂಬಿಕೆಯಾಗಲಿಲ್ಲ, ಇನ್ನೊಂದು ಸಲ ಹೇಳಿದರು. "ತಿಗಣೆ ಕಣ್ರಯ್ಯಾ! ಅದರ ಮಾತು, ಹಳೇ ಮಂಚ ಎಸೀಬೇಡಿ. ನನ್ ಮಾತು, ನನ್ ಜಗಲೀನೂ ಒಡೀರಿ. ಸಂಜೆ ಬೇಲಿ ಪಕ್ಕ ಕೂತ್ರೆ ತಂಪಿರುತ್ತೆ, ಜಗಲಿ ಮೇಲೆ ಬಿಸಿಲು." ಅವರ ಹಿಂದೆ ನಮ್ಮ ಓಣಿಯ ಶಾರದಮ್ಮ, ಹಿಟ್ಟಿನ ಡಬ್ಬದ ನುಸಿ ಅವರ ಸೆರಗಿನಲ್ಲಿತ್ತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಇಷ್ಟು ವರ್ಷ ಅವರು ಮಾತಿಲ್ಲದೆ ಕುಳಿತಿದ್ದದ್ದು ಜೊತೆಗೆ ಜೀವವಿಲ್ಲದೆ ಅಲ್ಲ, ಹೆಸರು ಹೇಳಲು ನಾಚಿಕೊಂಡು.

ತಿರುಮಲಯ್ಯ ಕೊನೆಗೆ ಕೈಮುಗಿದರು. "ಟ್ಯಾಂಕರ್ ತಿರುಗೋಕೆ ಜಾಗ ಸಿಕ್ರೆ ಸಾಕು ಕಣ್ರಮ್ಮಾ, ಬೇಲಿ ಮೇಲೆ ನಂಗೇನು ಹಗೆ?" ಎಂದರು. ಬೇಲಿ ಇರಲಿ, ಜಗಲಿ ಹೋಗಲಿ ಎಂದು ರುದ್ರಾಣಮ್ಮ ತೀರ್ಮಾನ ಹೇಳಿದರು. ಮೇಷ್ಟರು ಬಾಗಿಲಿಗೆ ಅಡ್ಡ ನಿಂತು, ಭಾನುವಾರ ಬೆಳಿಗ್ಗೆ ಬೇಲಿಯ ಹತ್ತಿರ ಬನ್ನಿ, ಒಳಗೆ ಯಾರ್ಯಾರಿದ್ದಾರೆ ನೋಡೋಣ, ಮುಂದೆ ಯಾರಾದರೂ ಕಡಿಯಲು ಬಂದರೆ ತಡಬಡಿಸುವುದು ಬೇಡ ಎಂದು ಎಲ್ಲರನ್ನೂ ಕರೆದರು. ಪಂಚಾಕ್ಷರಪ್ಪ ತಾನು ಕೊಡೆ, ಕುರ್ಚಿ ತರುತ್ತೇನೆ ಎಂದರು. ತಿರುಮಲಯ್ಯನೂ ಬರುತ್ತೇನೆ ಎಂದದ್ದು ನನ್ನ ಕಿವಿಗೆ ಬಿತ್ತು.

ನಾನು ಮನೆಗೆ ಓಡಿದೆ. ಬಿಸಿಲು ಇಳಿದಿತ್ತು. ನೀಲಕ್ಕ ಅಲ್ಲೇ ಜಗಲಿಯ ಮೇಲೆ ಇದ್ದರು, ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು.

"ಬೇಲಿ ಉಳೀತು ಅಕ್ಕ."

ಅವರು ಎದ್ದರು, ಓಣಿ ದಾಟಿದರು, ಕೈ ಚಾಚಿ ಮದರಂಗಿಯನ್ನು ಮುಟ್ಟಿದರು. ಹಾಗೇ ಕೈಯಾಡಿಸುತ್ತ ಪೇಟೆಯ ತುದಿಯವರೆಗೂ ಹೋದರು, ತಿರುಗಿ ಬಂದರು. ಬರುವಾಗ ಹೆಜ್ಜೆ ಬಿರುಸಾಗಿತ್ತು, ಏನೋ ಗುನುಗುತ್ತಿದ್ದರು. ನೋಡುತ್ತ ನಿಂತಿದ್ದ ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಷ್ಟು ದಿನ ಬಿಗಿಹಿಡಿದದ್ದೆಲ್ಲ ಸಡಿಲಾಗಿ, ಅಲ್ಲೇ ಜಗಲಿಯ ಮೇಲೆ ಕುಸಿದು ಅತ್ತೆ. ಈ ಸಲ ಫಿನಾಯಿಲಿನ ನೆಪ ಹೇಳಲಿಲ್ಲ.

"ಅದು ಸರಿ, ನಿನ್ ಜೊತೆ ಯಾವ್ದೇ ಬಂತು?" ಎಂದು ನೀಲಕ್ಕ ಪಕ್ಕದಲ್ಲಿ ಕುಳಿತರು. ಹೇಳಿದೆ. ಇಡೀ ಓಣಿಗೆ ಕೇಳುವಂತೆ ನಕ್ಕರು.

"ನನ್ ತಲೆಗೆ ಬಂದು ಎಷ್ಟೋ ದಿನ ಆಯ್ತು ಕಣೇ. ಹೇಳಿದ್ರೆ ನೀನು ಫಿನಾಯಿಲಲ್ಲೇ ತಲೆ ತೊಳೀತಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಬಾ, ಕೂತ್ಕೋ, ತೆಗೀತೀನಿ."

ಅವರ ಮಂಡಿಯ ಮುಂದೆ ಕೂತು ತಲೆ ಬಗ್ಗಿಸಿದೆ. ಹಾರ್ಮೋನಿಯಂನ ಸ್ವರ ಹುಡುಕುವ ಬೆರಳುಗಳು ನನ್ನ ಕೂದಲಲ್ಲಿ ಓಡಾಡಿದವು. ಒಂದೊಂದನ್ನೇ ಉಗುರಿನ ಮೇಲಿಟ್ಟು ಕುಕ್ಕುತ್ತ ಬಂದರು. ನನಗೆ ನಿದ್ದೆ ಬರುವಷ್ಟು ಹಾಯಾಗಿತ್ತು.

"ಇದೇ ಕೊನೇದು ಅಂತ ಕಾಣುತ್ತೆ" ಎಂದರು.

"ಅದೊಂದನ್ನ ಬಿಡಿ ಅಕ್ಕ."

"ಯಾಕೇ?"

"ಜಗಲಿ ಒಡೆದ್ರೆ ನೀವು ಇಳಿಯೋಕೆ ಮೆಟ್ಟಿಲು ಬೇಕು. ಮುಂದಿನ ಸಭೇಲಿ ಕೇಳ್ಬೇಕು."

ನೀಲಕ್ಕ ಅದನ್ನು ಮೆಲ್ಲಗೆ ನನ್ನ ಕಿವಿಯ ಹಿಂದೆ ಬಿಟ್ಟರು.